ಏಳದ ಪಾದ

ವೀಳ್ಯದೆಲೆಯ ವ್ಯಾಪಾರಿ ಗೌಹರಬಿಯ ಹಿತ್ತಲಿನಲ್ಲಿ ಎಲೆ ಕಟ್ಟುವ ಹೆಂಗಸರು ಯಾರೂ ನೆಲಕ್ಕೆ ಊರಿ ಕೂಡುತ್ತಿರಲಿಲ್ಲ. ಎಲೆ ಬಾಡಬಾರದೆಂದು ಆಗಾಗ ನೀರು ಚಿಮುಕಿಸುವುದರಿಂದ ತಗಡಿನ ಚಪ್ಪರದ ಕೆಳಗಿನ ಆ ಹಾಸುಗಲ್ಲು ಬೇಸಿಗೆಯಲ್ಲೂ ಒಣಗಿದ್ದಿಲ್ಲ. ಊರಿ ಕೂತರೆ ಬಟ್ಟೆ ತೋಯುತ್ತದೆ. ಹಾಗಾಗಿ ಎಲ್ಲರೂ ಕುಕ್ಕುರುಗಾಲಿನಲ್ಲಿ, ಗದ್ದ ಮೊಣಕಾಲಿಗೆ ತಾಗುವ ಹಾಗೆ ಕೂತು, ಬೆಳಗಿನಿಂದ ಹೊತ್ತು ಇಳಿಯುವವರೆಗೆ ಎಲೆ ಆರಿಸುತ್ತಿದ್ದರು. ದೊಡ್ಡೆಲೆ ಒಂದು ಕಡೆ, ಸಣ್ಣೆಲೆ ಒಂದು ಕಡೆ, ಹರಿದದ್ದು ಬೆನ್ನ ಹಿಂದೆ. ಎಲೆಯ ಮೇಲೆ ಎಲೆ ಹೊಂದಿಸಿದರೆ ಅಡುಕು. ಅಡುಕನ್ನು ಬಾಳೆನಾರಿನಿಂದ ಬಿಗಿದರೆ ಒಂದು ಕಟ್ಟು. ಕಟ್ಟುಗಳನ್ನು ಸೇರಿಸಿ ಬಾಳೆಎಲೆ ಸುತ್ತಿದರೆ ಪೆಂಡಿ. ಪೆಂಡಿಗಳನ್ನು ಒತ್ತಿ ತುಂಬಿದರೆ ಬುಟ್ಟಿ. ಸವಣೂರಿನ ಎಲೆ ಹೀಗೆ ಸುತ್ತಿಸಿಕೊಂಡು ಎಲ್ಲೆಲ್ಲಿಗೋ ಹೋಗುತ್ತಿತ್ತು. ಕಟ್ಟಿದವರು ಅಲ್ಲೇ ಇರುತ್ತಿದ್ದರು.

ಸಾಲಿನ ಕೊನೆಗೆ, ಗೋಡೆಯ ಪಕ್ಕ, ಹೇಮಾಳ ಜಾಗ. ಅವ್ವ ತೀರಿಹೋದ ವರ್ಷ ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಬಂದು ಕೂತವಳು, ಈಗ ಮದುವೆಯ ವಯಸ್ಸು ಬಂದರೂ ಅಲ್ಲೇ ಕೂತಿದ್ದಳು. ಅಪ್ಪ ಗುತ್ತೆಪ್ಪ ಲಾರಿಯ ಮೇಲೆ ಹಮಾಲಿಗೆ ಹೋದನೆಂದರೆ ಅಮಾಸಿಗೋ ಹುಣ್ಣಿಮೆಗೋ ಒಮ್ಮೆ ಮನೆ ಕಾಣುತ್ತಿದ್ದ. ಹೇಮಾಳಿಗೆ ಮಾತು ಕಡಿಮೆ. ಯಾರಾದರೂ ಹೆಸರು ಹಿಡಿದು ಕೂಗಿದರೂ ಕಿವಿ ಕೆಂಪಾಗುತ್ತಿತ್ತು. ಆದರೆ ಕಣ್ಣು ಮಾತ್ರ ಯಾವುದನ್ನೂ ಬಿಡುತ್ತಿರಲಿಲ್ಲ. ಯಾರ ಬಳೆ ಒಡೆದಿದೆ, ಯಾರು ರೊಟ್ಟಿ ತಂದಿಲ್ಲ, ಯಾರು ಅತ್ತು ಬಂದಿದ್ದಾರೆ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಸಾಲಿನಲ್ಲಿ ಮಾತಾಡಬೇಕಾದ ಹಂಗೂ ಇರಲಿಲ್ಲ. ಎಡಕ್ಕೆ ಗೋಡೆ, ಬಲಕ್ಕೆ ಗುಲ್ನಾಜಳ ಭುಜ. ಗುಲ್ನಾಜ ನಕ್ಕರೆ ಆ ನಗು ಹೇಮಾಳ ಮೈಯಲ್ಲೂ ಅಲುಗುತ್ತಿತ್ತು. ಮನೆಯಲ್ಲಿ ಅವಳಿಗೆ ತಾಗುವವರು ಯಾರೂ ಇರಲಿಲ್ಲ.

ಲಗ್ನದ ಸುಗ್ಗಿಯಲ್ಲಿ ಒಂದು ದಿನ ಎಲೆ ರಾಶಿ ರಾಶಿಯಾಗಿ ಬಂತು. ಮಧ್ಯಾಹ್ನದ ರೊಟ್ಟಿಯನ್ನೂ ಕೂತಲ್ಲೇ ತಿಂದರು. ಸಂಜೆ ಎದ್ದಾಗ ಹೇಮಾಳ ಎಡಗಾಲು ಜೋಮು ಹಿಡಿದಿತ್ತು. ಅದೇನು ಹೊಸದಲ್ಲ. ದಿನಾ ಸಂಜೆ ಎಲ್ಲರೂ ಗೋಡೆ ಹಿಡಿದು, ಕಾಲು ಝಾಡಿಸಿ, ನಕ್ಕು, ಆಮೇಲೆಯೇ ಹೊರಡುವುದು. ಅವತ್ತು ಉಳಿದವರ ಜೋಮು ಇಳಿಯಿತು. ಹೇಮಾಳದ್ದು ಇಳಿಯಲಿಲ್ಲ. ಹಾದಿಯಲ್ಲಿ ಎಡಗಾಲಿನ ಚಪ್ಪಲಿ ತಾನೇ ಕಳಚಿ ಹಿಂದೆ ಉಳಿಯಿತು. ತಿರುಗಿ ಹೋಗಿ ಮೆಟ್ಟಿದಳು. ಮತ್ತೆ ಕಳಚಿತು. ಕೊನೆಗೆ ಕೈಯಲ್ಲಿ ಹಿಡಿದು ನಡೆದಳು. ಹಿಮ್ಮಡಿ ಊರಿದ ಕೂಡಲೇ ಪಾದದ ಮುಂಭಾಗ ಪಟ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಬೆರಳು ಕಲ್ಲಿಗೆ ಎಡವಿತು. ನೋವಾಗಬೇಕಿತ್ತು, ಆಗಲಿಲ್ಲ.

ಮರುದಿನ ಗುಲ್ನಾಜ ಅವಳು ಬರುವುದನ್ನು ಕೇಳಿಯೇ ತಿರುಗಿದಳು.

"ಏನವಾ ಹೇಮಾ, ಟಾಂಗಾ ಬಂತೇನು ಅಂತ ನೋಡಿದ್ನಿ. ಟಕ್ ಪಟ್, ಟಕ್ ಪಟ್."

"ಕಾಲು ಏಳವಲ್ದು," ಎಂದಳು ಹೇಮಾ.

"ನಿನ್ನ ಕಾಲೂ ನಿನ್ನಂಗ ನಾಚಾಕತ್ತೈತಿ ಬಿಡು."

ಎಲ್ಲರೂ ನಕ್ಕರು. ನಗದವಳು ಶಾರವ್ವ ಒಬ್ಬಳೇ. ಶಾರವ್ವ ಆ ಸಾಲಿಗೆ ಹಿರಿಯಳು. ಬಾಗಿಲ ಕಡೆಯ ಮೊದಲ ಜಾಗ ಅವಳದು. ಅವಳ ಕೈ ಎಷ್ಟು ಬೇಗ ನಡೆಯುತ್ತದೋ ಸಾಲು ಅಷ್ಟು ಬೇಗ ನಡೆಯಬೇಕು. ಉಳುಕಿದ್ದಕ್ಕೆ, ಬಾತದ್ದಕ್ಕೆ, ಚೇಳು ಕಡಿದದ್ದಕ್ಕೆ ಎಲ್ಲರೂ ಅವಳ ಮುಂದೆಯೇ ಕಾಲು ಚಾಚುವುದು. ಅವಳು ಹೇಮಾಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತಿ ನೋಡಿದಳು.

"ಗಾಳಿ ಕೆಳಗ ಇಳಿದೈತಿ ತಂಗಿ. ಮ್ಯಾಲೆ ಬಿಗದ್ರ ತಿರುಗಿ ಹೋಗ್ತೈತಿ. ನಾ ಕಟ್ತೇನಿ ತಡಿ."

ಎಕ್ಕದ ಎಲೆಗೆ ಔಡಲೆಣ್ಣೆ ಸವರಿ, ಒಲೆಯ ಮೇಲೆ ಬಾಡಿಸಿ, ಮೊಣಕಾಲಿನ ಕೆಳಗೆ ಹೊರಮಗ್ಗುಲಿಗೆ ಗುಬ್ಬಿಯಂತೆ ಉಬ್ಬಿದ ಎಲುಬಿನ ಮೇಲಿಟ್ಟಳು. ಹಳೇ ಸೀರೆಯ ಅಂಚನ್ನು ಸುತ್ತಿ ಸುತ್ತಿ ಬಿಗಿದಳು. ಎಲೆ ಕಟ್ಟಿ ಕಟ್ಟಿ ಪಳಗಿದ ಕೈ ಅದು. ಅವಳು ಬಿಗಿದದ್ದು ಸಡಿಲಾಗುವ ಮಾತೇ ಇಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ರೊಟ್ಟಿ ಉಂಡಾದ ಮೇಲೆ ಶಾರವ್ವ ಪಟ್ಟಿ ಬಿಚ್ಚುವಳು, ಕಾಲು ನೀವುವಳು, ಮತ್ತೆ ಬಿಗಿಯುವಳು. ಹೇಮಾ ಕಣ್ಣು ಮುಚ್ಚಿ ಕೂಡುತ್ತಿದ್ದಳು. ಅವ್ವ ಹೋದಮೇಲೆ ತನ್ನ ಕಾಲನ್ನು ಯಾರಾದರೂ ತೊಡೆಯ ಮೇಲಿಟ್ಟುಕೊಂಡದ್ದು ಅವಳಿಗೆ ನೆನಪಿರಲಿಲ್ಲ. ಪಾದ ಏಳಲಿಲ್ಲ. ಆದರೂ ಮಧ್ಯಾಹ್ನಕ್ಕಾಗಿ ಕಾಯುವುದನ್ನು ಕಲಿತಳು.

ಕಾಲು ಹಾಗೇ ಇರುವುದನ್ನು ನೋಡಿ ಒಂದು ದಿನ ಗೌಹರಬಿಯೇ ಗದರಿದಳು. "ಶಿಗ್ಗಾಂವಿ ದವಾಖಾನಿಗೆ ತೋರಿಸ್ಕೊಂಡು ಬಾರವಾ. ಅಲ್ತಾಫ ಎಲಿ ತಗೊಂಡು ಹೊಂಟಾನ, ಟೆಂಪೋದಾಗ ಕುಂತು ಹೋಗು." ಅಲ್ತಾಫ ಗೌಹರಬಿಯ ಮಗ. ದಾರಿಯುದ್ದಕ್ಕೂ ಅವನು ಫೋನಿನಲ್ಲಿ ವ್ಯಾಪಾರದ ಮಾತಾಡಿದ, ಹೇಮಾ ಕಿಟಕಿಯ ಹೊರಗೆ ನೋಡಿದಳು.

ದವಾಖಾನೆಯ ಡಾಕ್ಟರು ನೋಡಿ, ಕಾಲಿನ ಕಸರತ್ತು ಮಾಡಿಸುವ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ವಿದ್ಯಾಶ್ರೀ, ಹೇಮಾಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿದ್ದಾಳು. ಮೊದಲು ಅವಳು ಶಾರವ್ವನ ಪಟ್ಟಿ ಬಿಚ್ಚಿದಳು. ಕೆಳಗೆ ಚರ್ಮ ಹಗ್ಗ ಒತ್ತಿದ ಹಾಗೆ ತಗ್ಗು ಬಿದ್ದು ಕೆಂಪಾಗಿತ್ತು.

"ಪಾದ ಕೆಳಗ ಒತ್ತು."

ಹೇಮಾ ಒತ್ತಿದಳು. ಅಡಿಗೆ ಕೊಟ್ಟಿದ್ದ ವಿದ್ಯಾಶ್ರೀಯ ಕೈ ಹಿಂದೆ ಸರಿಯುವಷ್ಟು ಜೋರಾಗಿ ಪಾದ ಒತ್ತಿತು.

"ಈಗ ಮ್ಯಾಲೆ ಎತ್ತು."

ಹೇಮಾ ಎತ್ತಿದಳು. ಮನಸ್ಸಿನಲ್ಲಿ ಎತ್ತಿದಳು, ಹಲ್ಲು ಕಚ್ಚಿ ಎತ್ತಿದಳು. ಪಾದ ಯಾರದೋ ವಸ್ತುವಿನ ಹಾಗೆ ಜೋತುಬಿದ್ದೇ ಇತ್ತು.

ವಿದ್ಯಾಶ್ರೀ ಕಾಲಿಗೆ ತಂತಿಯ ಎರಡು ಪಟ್ಟಿ ಅಂಟಿಸಿ ಮಷೀನಿನ ಗುಂಡಿ ತಿರುಗಿಸಿದಳು. ಇರುವೆ ಹರಿದಂತೆ ಆಯಿತು. ಆಮೇಲೆ ಪಾದ ಎದ್ದಿತು. ಬೆರಳುಗಳ ಸಮೇತ, ಯಾರೋ ಮೇಲಿನಿಂದ ದಾರ ಕಟ್ಟಿ ಎಳೆದ ಹಾಗೆ, ಎದ್ದು ನಿಂತು, ಮತ್ತೆ ಬಿತ್ತು. ಹೇಮಾ ಬಾಯಿ ತೆರೆದು ನೋಡಿದಳು. ತಾನು ಅಷ್ಟು ಬೇಡಿಕೊಂಡರೂ ಏಳದ್ದು ಆ ಪೆಟ್ಟಿಗೆಯ ಮಾತಿಗೆ ಎದ್ದಿತ್ತು.

"ಅಂದ್ರ ಸತ್ತಿಲ್ಲೇನ್ರಿ ಅದು?"

"ಎಲ್ಲಿ ಸತ್ತೈತಿ? ನೋಡಿದೆಲ್ಲ. ಏನು ಕೆಲಸ ಮಾಡ್ತಿ ನೀನು?"

"ಎಲಿ ಕಟ್ತೇನ್ರಿ. ಸವಣೂರಾಗ."

"ಹಂಗಾರ ನಿನಗ ಹೇಳೂದು ಸಲೀಸು," ಎಂದಳು ವಿದ್ಯಾಶ್ರೀ. ಸ್ಟೂಲು ಎಳೆದುಕೊಂಡು, ಹೇಮಾಳ ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯುವಿನ ಮೇಲೆ ಬೆರಳಾಡಿಸುತ್ತ ಹೇಳಿದಳು. "ಇದು ಒಂದ ಮುದ್ದಿ ಮಾಂಸ ಅಲ್ಲ. ಕೂದಲಿನಂಥ ಎಳಿ ಇರ್ತಾವು. ಅಂಥ ಎಳಿ ಕೂಡಿಸಿ ಒಂದು ಕಟ್ಟು, ಅದಕ್ಕೊಂದು ತೆಳ್ಳನ ಪೊರಿ ಸುತ್ತೈತಿ. ಕಟ್ಟು ಕೂಡಿಸಿ ಪೆಂಡಿ, ಅದಕ್ಕೊಂದು ಪೊರಿ. ಎಲ್ಲಾ ಕೂಡಿದ್ರ ಇಷ್ಟು ದಪ್ಪ ಸ್ನಾಯು. ಕೆಳಗಿನ ತುದಿ ಪಾದದ ಎಲುಬಿಗೆ ಬಿಗದೈತಿ. ಸ್ನಾಯುವಿಗೆ ಎಳಿಯೂದಷ್ಟ ಗೊತ್ತು, ನೂಕೂದು ಗೊತ್ತಿಲ್ಲ. ಮುಂದಿಂದು ಎಳದ್ರ ಪಾದ ಏಳ್ತೈತಿ, ಹಿಂದಿನ ಮೀನಖಂಡ ಎಳದ್ರ ಇಳೀತೈತಿ."

"ಹೆಂಗ ಎಳೀತೈತ್ರಿ?" ಎಂದು ಕೇಳಿದ ಮೇಲೆ ತಾನೇ ಕೇಳಿದೆನೇ ಎಂದು ಹೇಮಾ ತಲೆ ತಗ್ಗಿಸಿದಳು.

ವಿದ್ಯಾಶ್ರೀ ಎರಡೂ ಕೈಯ ಬೆರಳುಗಳನ್ನು ಎದುರುಬದುರು ಹಿಡಿದು, ಒಂದರ ಸಂದಿಯಲ್ಲಿ ಇನ್ನೊಂದನ್ನು ತೂರಿಸಿದಳು. "ಒಂದೊಂದು ಎಳಿ ಒಳಗ ಹಿಂಗ ದಪ್ಪನ್ನೂವು, ಸಣ್ಣನ್ನೂವು ಒಂದರ ಸಂದ್ಯಾಗ ಒಂದು ಇರ್ತಾವು. ಹೇಳಿಕಿ ಬಂದ ಕೂಡ್ಲೆ ಒಳಗ ಒಳಗ ಸರೀತಾವು. ನೋಡು, ನನ್ನ ಬೆರಳು ಸಣ್ಣಾದವೇನು? ಇಲ್ಲ. ಆದ್ರ ಎರಡೂ ಕೈ ಹತ್ರ ಬಂದುವು. ಇಷ್ಟ ಅದರ ಗುಟ್ಟು."

ಹೇಮಾಳಿಗೆ ಎಲೆಗಳು ಕಂಡವು. ಬಿಡಿಬಿಡಿಯಾಗಿ ಹರಡಿದ ಎಲೆಯ ಎರಡು ಅಡುಕುಗಳನ್ನು ಎರಡೂ ಅಂಗೈಯಿಂದ ಒತ್ತಿದರೆ ಎಲೆಯ ಸಂದಿಗೆ ಎಲೆ ನುಗ್ಗುತ್ತದೆ. ಯಾವ ಎಲೆಯೂ ಕುಗ್ಗುವುದಿಲ್ಲ, ಅಡುಕು ಮಾತ್ರ ಗಿಡ್ಡವಾಗುತ್ತದೆ. ಇಷ್ಟು ವರ್ಷ ಕೈಯಲ್ಲಿ ಮಾಡಿದ್ದು ತನ್ನ ಕಾಲಿನೊಳಗೂ ನಡೆಯುತ್ತಿತ್ತು, ತನಗೆ ತಿಳಿದಿರಲಿಲ್ಲ.

"ಹೇಳಿಕಿ ಒಯ್ಯೂದು ನರ," ಎಂದಳು ವಿದ್ಯಾಶ್ರೀ. "ಬೆನ್ನಿನಿಂದ ಹೊಂಟು, ತೊಡಿ ಹಿಂದ ಇಳದು, ಇಲ್ಲಿ ಈ ಗುಬ್ಬಿ ಎಲುಬು ಸುತ್ತಿ ಮುಂದ ಬರ್ತೈತಿ. ಇಲ್ಲಿ ಅದಕ್ಕ ಹೊದಿಕಿ ಇಲ್ಲ. ಮ್ಯಾಲೆ ಚರ್ಮ, ಕೆಳಗ ಎಲುಬು. ದಿನಗಟ್ಟಲೆ ಕುಕ್ಕುರುಗಾಲಾಗ ಕುಂತ್ರ ನೀರಿನ ಪೈಪಿನ ಮ್ಯಾಲೆ ಕಾಲಿಟ್ಟಂಗ. ಅದರ ಮ್ಯಾಲೆ ಈ ಪಟ್ಟಿ ಬ್ಯಾರೆ! ಯಾರು ಕಟ್ಟಿದವರು?"

ಹೇಮಾ ಬಿಚ್ಚಿದ ಪಟ್ಟಿಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡಳು.

"ಯಾರರ ಇರಲಿ. ಇನ್ನ ಬಿಗಿಯೂದು ಬ್ಯಾಡ. ಕುಕ್ಕುರುಗಾಲು ಬ್ಯಾಡ, ಚಕ್ಕಳಮಕ್ಕಳ ಬ್ಯಾಡ. ಕುರ್ಚಿ ಮ್ಯಾಲೆ ಕುಂತು ಕೆಲಸ ಮಾಡು."

"ಬರ್ತೈತೇನ್ರಿ ಕಾಲು?"

"ಒತ್ತೂದು ನಿಂತ್ರ ಬರಬೇಕು. ಒತ್ಕೋತ ಹೋದ್ರ ನರ ಸಾಯ್ತೈತಿ. ಹೇಳಿಕಿ ಇಲ್ಲದ ಮಾಂಸ ಕರಗಿ ಹೋಗ್ತೈತಿ. ಆಮ್ಯಾಲೆ ಈ ಮಷೀನಿಗೂ ಅದು ಏಳೂದಿಲ್ಲ."

ಇಷ್ಟೆಲ್ಲ ಕೇಳಿಸಿಕೊಂಡು ಬಂದ ಹೇಮಾ ಮರುದಿನ ಗೋಡೆಯ ಪಕ್ಕ ಕುಕ್ಕುರುಗಾಲಿನಲ್ಲೇ ಕೂತಳು.

ಚಪ್ಪರದ ಕೆಳಗೆ ಒಂದು ಕುರ್ಚಿ ಇರಲಿಲ್ಲವೆಂದಲ್ಲ. ಬಾಗಿಲ ಬಳಿ ಕೆಂಪು ಪ್ಲಾಸ್ಟಿಕ್ಕಿನದು ಒಂದಿತ್ತು. ಎಲೆ ಕೊಳ್ಳಲು ಬಂದ ಗಿರಾಕಿ ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನು ಕೂತಿರುವಷ್ಟು ಹೊತ್ತು ಸಾಲಿನಲ್ಲಿ ಮಾತಿರುತ್ತಿರಲಿಲ್ಲ. ಗೌಹರಬಿ ಸ್ವತಃ ಹೆಂಗಸರ ಜೊತೆ ಮಾತಿಗೆ ಬಂದರೆ ಹೊಸ್ತಿಲ ಮೇಲೆ ಕೂಡುತ್ತಿದ್ದಳು, ಕುರ್ಚಿಯ ಮೇಲಲ್ಲ. ಹಿರಿಯರು ಕೆಳಗೆ ಕೂತಿರುವಾಗ, ಅವರ ತಲೆಗಿಂತ ಮೇಲೆ ಕಾಲು ಇಳಿಬಿಟ್ಟು ಕೂಡುವುದೆಂದರೆ ಏನು? ಆ ಮಾತನ್ನು ಬಾಯಿಂದ ಹೇಗೆ ಆಡುವುದು? ಹೇಮಾಳಿಗೆ ಆಗಲಿಲ್ಲ. ಮಧ್ಯಾಹ್ನ ಶಾರವ್ವ "ಕಾಲು ತಾ" ಎಂದಾಗ ಅದೂ ಬೇಡವೆನ್ನಲು ಆಗಲಿಲ್ಲ. ಕಾಲು ಕೊಟ್ಟಳು. ಪಟ್ಟಿ ಬಿಗಿಯಿತು. ಎಷ್ಟೋ ದಿನ ಹೀಗೇ ಹೋಯಿತು.

ಒಂದು ಸಂಜೆ ಎಲ್ಲರೂ ಹೊರಡುವಾಗ ಹೇಮಾ ಹಿಂದೆ ಉಳಿದಿದ್ದಳು. ಮುಂದೆ ಶಾರವ್ವ ಹಿತ್ತಲಿನ ಹೊಸ್ತಿಲು ದಾಟಿದಳು. ಬಲಗಾಲು ಸುಮ್ಮನೆ ದಾಟಿತು. ಎಡಗಾಲನ್ನು ಮಾತ್ರ ಮೊಣಕಾಲಿನಿಂದ ಮೇಲೆತ್ತಿ, ಹಳ್ಳ ದಾಟುವವಳಂತೆ ಇಟ್ಟಳು. ಅವಳ ನಡಿಗೆಯೇ ಹಾಗೆ ಎಂದು ಎಲ್ಲರೂ ತಿಳಿದಿದ್ದರು. ಗುಲ್ನಾಜ ಅದನ್ನು ನಡೆದು ತೋರಿಸಿ ನಗಿಸುತ್ತಿದ್ದಳು. ಹೇಮಾ ಇವತ್ತು ಬೇರೆ ನೋಡಿದಳು. ಎಡಗಾಲಿನ ಚಪ್ಪಲಿಯ ಮೂಗು ಸವೆದು ಹೋಗಿತ್ತು, ಹಿಮ್ಮಡಿ ಹೊಸದಿದ್ದ ಹಾಗೇ ಇತ್ತು. ಹೆಬ್ಬೆರಳು ತೂರಿಸುವ ಬಾರನ್ನು ದಾರದಿಂದ ಹೊಲಿದಿತ್ತು.

"ಚಿಗವ್ವಾ," ಎಂದಳು ಹೇಮಾ, ಹತ್ತಿರ ಹೋಗಿ. "ನಿಮ್ಮ ಎಡಗಾಲಿಗೂ ನನ್ನಂಗ ಆಗಿತ್ತೇನ್ರಿ?"

ಶಾರವ್ವ ಸೀರೆಯನ್ನು ಕೆಳಕ್ಕೆ ಜಗ್ಗಿಕೊಂಡಳು. "ಯಾವಾಗಿಂದು ತಗದಿ. ಕಮಲಿ ಹೊಟ್ಟ್ಯಾಗ ಇದ್ದಾಗ ಆಗಿತ್ತು. ನಮ್ಮತ್ತಿ ಕಟ್ಟಿದ್ಲು. ಜೋಮು ಹೋತು."

"ಪಾದ ಏಳ್ತೈತೇನ್ರಿ?"

"ಏಳದಿದ್ರೇನಾತು? ನಡ್ಯಾಕತ್ತಿಲ್ಲೇನು ನಾನು? ಮಕ್ಕಳನ್ನ ಹಡದಿಲ್ಲೇನು, ಲಗ್ನ ಮಾಡಿಲ್ಲೇನು?" ಎಂದು ಶಾರವ್ವ ಮುಂದೆ ನಡೆದಳು. ಮೊಣಕಾಲೆತ್ತಿ, ಇಟ್ಟು, ಮೊಣಕಾಲೆತ್ತಿ, ಇಟ್ಟು.

ಮನೆಗೆ ಬಂದ ಹೇಮಾ ದೀಪ ಹಚ್ಚುವ ಮೊದಲು ಬಾಗಿಲಲ್ಲಿ ಎರಡೂ ಕಾಲು ಚಾಚಿ ಕೂತಳು. ಬಲಗಾಲಿನ ಮುಂದೆ ಎಲುಬಿನ ಪಕ್ಕ ಮಾಂಸ ಉಬ್ಬಿತ್ತು. ಎಡಗಾಲಿನಲ್ಲಿ ಅದೇ ಜಾಗ ಒಳಕ್ಕೆ ಇಳಿದಿತ್ತು. ಬೆರಳಿಟ್ಟರೆ ಎಲುಬಿನ ಅಂಚು ಕೈಗೆ ಹತ್ತುತ್ತಿತ್ತು. ಕರಗಿ ಹೋಗ್ತೈತಿ ಎಂದದ್ದು ಇದೇ. ಪಟ್ಟಿ ಬಿಚ್ಚಿದಳು. ಗಂಟು ಬಿಗಿಯಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. ಅದನ್ನು ಒಗೆದು, ಒಣಹಾಕಿ, ಮಡಚಿಟ್ಟಳು.

ಬೆಳಿಗ್ಗೆ ಆ ಮಡಚಿದ ಪಟ್ಟಿಯನ್ನು ಶಾರವ್ವನ ಮುಂದಿಟ್ಟಳು. "ಇನ್ನ ಕಟ್ಟೂದು ಬ್ಯಾಡಂತ್ರಿ ಚಿಗವ್ವಾ. ದವಾಖಾನ್ಯಾಗ ಹೇಳ್ಯಾರ."

ಶಾರವ್ವ ಅದನ್ನು ನೋಡಿದಳು, ಮುಟ್ಟಲಿಲ್ಲ. "ನಿನ್ನ ಕಾಲು, ನಿನ್ನ ಇಚ್ಛಾ."

ಆಮೇಲೆ ಹೇಮಾ ಒಳಗೆ ಹೋಗಿ ಗೌಹರಬಿಯ ಮುಂದೆ ನಿಂತಳು. "ಏನು ಬೇಕವಾ?" ಎಂದು ಗೌಹರಬಿಯೇ ಕೇಳಬೇಕಾಯಿತು.

"ಗೌಹರ ಚಾಚೀ, ಕುರ್ಚಿ... ಕುರ್ಚಿ ಮ್ಯಾಲೆ ಕುಂತು ಕಟ್ಟಲೇನ್ರಿ?"

"ಅಷ್ಟಕ್ಕ ಹಿಂಗ ಬೆವತೀಯಲ್ಲ ಹುಡುಗಿ! ತಗೋ, ಅದೇನು ನವಾಬರ ತಖ್ತ ಏನು?"

ಗೋಡೆಯ ಪಕ್ಕ ಕುರ್ಚಿ ಹಿಡಿಯಲಿಲ್ಲ. ನಾಲ್ಕು ಕಾಲೂರುವಷ್ಟು ಸಪಾಟು ಜಾಗ ಇದ್ದದ್ದು ಬಾಗಿಲ ಕಡೆ, ಶಾರವ್ವನ ಮಗ್ಗುಲಿಗೆ. ಹೇಮಾ ಅಲ್ಲಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಎಲೆ ಆರಿಸಿದಳು. ಕಾಲು ಇಳಿಬಿಟ್ಟರೆ ಪಾದ ಸರಿಯಾಗಿ ಶಾರವ್ವನ ಕಣ್ಣಿನ ಮುಂದೆಯೇ ಬರುತ್ತಿತ್ತು. ಶಾರವ್ವ ಭುಜ ತಿರುಗಿಸಿ ಕೂತಳು.

"ಎದ್ದು ನಿಂದರ್ರೆವಾ, ಸಾಲಿ ಬಾಯಾರು ಬಂದ್ರು," ಎಂದಳು ಗುಲ್ನಾಜ. "ಬಾಯಾರ, ಇವತ್ತ ಮಗ್ಗಿ ಕೇಳ್ತೀರೋ, ಕೈ ಚಾಚಬೇಕೋ?"

ನಗು ಬಂತು. ಮೊದಲ ದಿನ ಹೇಮಾಳೂ ನಕ್ಕಳು. ಆದರೆ ಆ ನಗು ಕೆಳಗೆ ಭುಜದಿಂದ ಭುಜಕ್ಕೆ ಹರಿದು ಹೋಯಿತು, ಅವಳವರೆಗೆ ಏರಲಿಲ್ಲ. ನಾಲ್ಕು ದಿನಕ್ಕೆ ಚೇಷ್ಟೆಯೂ ನಿಂತಿತು. ಕುರ್ಚಿಯ ಮೇಲೆ ಯಾರಾದರೂ ಕೂತಿದ್ದರೆ ದನಿ ತಗ್ಗಿಸುವುದು ಸಾಲಿಗೆ ರೂಢಿ. ಕೂತವಳು ಹೇಮಾ ಎಂದು ಅವರ ತಲೆಗೆ ಗೊತ್ತಿದ್ದರೂ ದನಿಗೆ ಗೊತ್ತಾಗಲಿಲ್ಲ. ಮನೆಯ ಮಾತು, ಗಂಡಂದಿರ ಮಾತು, ಪಿಸುಮಾತಿನಲ್ಲಿ ಕೆಳಗೇ ಮುಗಿಯುತ್ತಿತ್ತು. ಮೇಲಿನಿಂದ ಅವಳಿಗೆ ಬೈತಲೆಗಳು ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. ಗೋಡೆಯ ಪಕ್ಕದ ಜಾಗಕ್ಕೆ ಮಂಜವ್ವ ಎಂಬ ಹೊಸ ಹುಡುಗಿ ಬಂದಳು. ಈಗ ಗುಲ್ನಾಜ ನಕ್ಕರೆ ಮಂಜವ್ವನ ಮೈ ಅಲುಗುತ್ತಿತ್ತು. ಮಧ್ಯಾಹ್ನ ರೊಟ್ಟಿ ಉಂಡಾದ ಮೇಲೆ ಶಾರವ್ವ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು. ಯಾರೂ "ಕಾಲು ತಾ" ಎನ್ನುತ್ತಿರಲಿಲ್ಲ.

ಸಂತೆಗೆ ಎಲೆ ಹೊರಟಾಗಲೆಲ್ಲ ಅಲ್ತಾಫನ ಟೆಂಪೋದಲ್ಲಿ ಶಿಗ್ಗಾಂವಿಗೆ ಹೋಗಿ ಬಂದಳು. ಮಷೀನಿನ ಮಾತಿಗೆ ಪಾದ ಏಳುತ್ತಿತ್ತು, ಅವಳ ಮಾತಿಗೆ ಏಳುತ್ತಿರಲಿಲ್ಲ. ವಿದ್ಯಾಶ್ರೀ ಕಲಿಸಿದಂತೆ ಮನೆಯಲ್ಲಿ ಪಾದಕ್ಕೆ ಟವೆಲ್ಲು ಸುತ್ತಿ ತನ್ನ ಕಡೆಗೆ ಜಗ್ಗುವಳು, ಪಾದದ ಕೀಲು ಬಿರುಸಾಗಬಾರದೆಂದು. ಜಗ್ಗುತ್ತ "ಏಳು" ಎನ್ನುವಳು. ಖಾಲಿ ಮನೆಯಲ್ಲಿ ತನ್ನದೇ ದನಿ ಕೇಳಿ ಮೊದಮೊದಲು ನಾಚಿಕೆಯಾಯಿತು. ಆಮೇಲೆ ಅದೊಂದೇ ದನಿಯಾದ್ದರಿಂದ ಅಭ್ಯಾಸವಾಯಿತು. ಹೇಳಿಕೆ ಬೆನ್ನಿನಿಂದ ಹೊರಟು, ತೊಡೆ ಇಳಿದು, ಗುಬ್ಬಿ ಎಲುಬಿನ ತನಕ ಬಂದು, ಅಲ್ಲಿ ದಾರಿ ಕಾಣದೆ ನಿಂತುಕೊಂಡಿರುವುದು ಅವಳಿಗೆ ಕಾಣುವ ಹಾಗಿತ್ತು. ಒಂದೊಂದು ದಿನ ಅನ್ನಿಸುತ್ತಿತ್ತು: ಇದು ಎಂದೂ ಬರದಿದ್ದರೆ, ಗೋಡೆಯ ಪಕ್ಕದ ಜಾಗವನ್ನೂ ಸುಮ್ಮನೆ ಕಳಕೊಂಡಂತಾಯಿತು. ಏಳದ ಕಾಲಿನಿಂದಲೂ ಶಾರವ್ವ ನಡೆಯುತ್ತಿಲ್ಲವೇ? ಸಾಲಿನಲ್ಲಿ ಕೂತಿಲ್ಲವೇ?

ಆಷಾಢ ಕಳೆದು ಶ್ರಾವಣ ಬಂತು. ಹಬ್ಬಗಳ ಎಲೆ ಒತ್ತಾಗಿ ಬಿತ್ತು. ಒಂದು ಮಧ್ಯಾಹ್ನ ತಗಡಿನ ಮೇಲೆ ಮಳೆ ಸಣ್ಣಗೆ ಹೊಯ್ಯುತ್ತಿತ್ತು. ಎಲ್ಲ ತಲೆಗಳೂ ಬಾಗಿದ್ದವು. ಹೇಮಾ ಎರಡು ಅಡುಕು ಎಲೆಗಳನ್ನು ಅಂಗೈಯಿಂದ ಒತ್ತಿ ಒಂದು ಮಾಡುತ್ತಿದ್ದಳು. ಎಲೆಯ ಸಂದಿಗೆ ಎಲೆ ಸರಿಯಿತು. ಅದೇ ಗಳಿಗೆಗೆ ಅವಳು ಎಂದಿನ ಹಾಗೆ ಮನಸ್ಸಿನಲ್ಲೇ ಕೆಳಗೆ ಹೇಳಿಕೆ ಕಳಿಸಿದಳು, ಏಳು.

ಎಡಗಾಲಿನ ಹೆಬ್ಬೆರಳು ಅಲುಗಿದ ಹಾಗಾಯಿತು.

ಅವಳು ಉಸಿರು ಹಿಡಿದಳು. ಮೊರ ಅಡ್ಡವಿತ್ತು, ಪಾದ ಕಾಣುತ್ತಿರಲಿಲ್ಲ. ಭ್ರಮೆ ಇರಬಹುದು, ಇಂಥ ಭ್ರಮೆ ಮೊದಲೂ ಆಗಿತ್ತು. ಯಾರನ್ನು ಕೂಗಿ ನೋಡೆನ್ನುವುದು? ಗುಲ್ನಾಜ ದೂರ ಮಂಜವ್ವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಹೇಮಾ ತುಟಿ ಕಚ್ಚಿ ಮತ್ತೊಂದು ಎಲೆ ಎತ್ತಿಕೊಂಡಳು.

ಆಗ ಮಗ್ಗುಲಲ್ಲಿ ಶಾರವ್ವನ ಕೈ ನಿಂತಿತ್ತು. ಆ ಕೈ ಕೆಲಸದ ನಡುವೆ ನಿಂತದ್ದನ್ನು ಹೇಮಾ ಎಂದೂ ಕಂಡಿರಲಿಲ್ಲ. ಶಾರವ್ವ ತನ್ನ ಮುಖದ ಮುಂದೆ ಇಳಿಬಿದ್ದ ಪಾದವನ್ನೇ ನೋಡುತ್ತಿದ್ದಳು.

"ಮತ್ತೊಮ್ಮೆ ಮಾಡು," ಎಂದಳು ಶಾರವ್ವ, ಯಾರಿಗೂ ಕೇಳಿಸದಂತೆ.

ಹೇಮಾ ಮಾಡಿದಳು. ತಡವಾಗಿ, ನಡುಗುತ್ತ, ಅಕ್ಕಿಕಾಳಿನಷ್ಟು, ಹೆಬ್ಬೆರಳು ಎದ್ದಿತು. ಬಿತ್ತು.

ಶಾರವ್ವ ಒದ್ದೆ ಬೆರಳನ್ನು ಆ ಪಾದದ ಮೇಲಿಟ್ಟಳು. "ಗೊತ್ತಾಕ್ಕೈತೇನು?"

"ಅಷ್ಟಷ್ಟು ಗೊತ್ತಾಕ್ಕೈತ್ರಿ. ತಂಪ ಐತಿ."

ಶಾರವ್ವ ಕೈ ತೆಗೆದಳು. ಆಚೀಚೆ ನೋಡಿ, ಸೀರೆಯ ಕೆಳಗಿನಿಂದ ತನ್ನ ಎಡಪಾದವನ್ನು ಮೆಲ್ಲಗೆ ಹೊರಗೆ ಚಾಚಿದಳು. ಕಾಲು ಎಲುಬಿನ ಅಂಚಾಗಿ ಸಣಕಲಾಗಿತ್ತು. ಅವಳು ಅದನ್ನು ನೋಡುತ್ತ ಹಣೆ ಗಂಟಿಕ್ಕಿದಳು. ಅವಳ ಕೊರಳ ನರ ಬಿಗಿದದ್ದು ಹೇಮಾಳಿಗೆ ಕಂಡಿತು. ಪಾದ ಅಲುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗಂಟಿಕ್ಕಿದಳು. ಅಲುಗಲಿಲ್ಲ.

ಹೇಮಾ ಏನಾದರೂ ಹೇಳಬೇಕಿತ್ತು. ಕುರ್ಚಿಯಿಂದ ಇಳಿದು ಆ ಒದ್ದೆ ಕಲ್ಲಿನ ಮೇಲೆ ಶಾರವ್ವನ ಭುಜಕ್ಕೆ ಭುಜ ಹಚ್ಚಿ ಕೂತುಬಿಡೋಣ ಅನ್ನಿಸಿತು. ಮೈ ಅರ್ಧ ಎದ್ದೇಬಿಟ್ಟಿತ್ತು.

"ಎಲ್ಲಿ ಇಳೀತಿ?" ಎಂದಳು ಶಾರವ್ವ, ತಲೆ ಎತ್ತದೆ. "ಅಲ್ಲೇ ಕುಂದ್ರು."

ಸೀರೆಯನ್ನು ಪಾದದ ಮೇಲೆ ಎಳೆದುಕೊಂಡಳು. ಆಮೇಲೆ ಸಾಲಿನ ಕಡೆ ತಿರುಗಿ, ಎಂದಿನ ದೊಡ್ಡ ದನಿಯಲ್ಲಿ, "ಕೈ ನಡಸ್ರೆವಾ, ಎಲಿ ಬಾಡ್ತಾವು," ಎಂದಳು. ಬೈತಲೆಗಳೆಲ್ಲ ಇನ್ನೂ ಕೆಳಗೆ ಬಾಗಿದವು.

ಹೇಮಾ ಕುರ್ಚಿಯ ಮೇಲೆ ಕೂತು ಎಲೆ ಜೋಡಿಸಿದಳು. ಮಳೆ ಜೋರಾಯಿತು, ಕೆಳಗಿನ ಮಾತು ಒಂದೂ ಕೇಳಿಸದಾಯಿತು. ಮೊರದ ಕೆಳಗೆ, ತನಗೆ ಕಾಣದ ಕಡೆ, ಹೆಬ್ಬೆರಳು ಇನ್ನೊಮ್ಮೆ ಎದ್ದಿತು.